ದೇವರು ಕಳಿಸುತ್ತಾನೆ, ಫೋನ್ ಮಾಡುವವಳು ಕಮರುನ್ನೀಸಾ

ಕಮರುನ್ನೀಸಾ ಶಹಾಬಾದದ ಒಂದು ವಾರ್ಡಿನ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಅದೇ ಓಣಿಗಳಲ್ಲಿ ತಿರುಗಿ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಬಸುರಿ ಕಬ್ಬಿಣದ ಗುಳಿಗೆಯನ್ನು ನುಂಗಿದಂತೆ ಮಾಡಿ ಬಚ್ಚಲಿಗೆ ಉಗುಳುತ್ತಾಳೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಓಣಿಯವರೆಲ್ಲರಿಗೂ ಅವಳು ಆಪಾ, ಅಂದರೆ ಅಕ್ಕ. ಅಜ್ಜಂದಿರಿಗೂ ಆಪಾ, ಅಂಗನವಾಡಿಯ ಕೂಸುಗಳಿಗೂ ಆಪಾ.

ಆಪಾಗೆ ಸಿಟ್ಟು ಬೇಗ. ಮೊಬೈಲಿನ ಆ್ಯಪಿನಲ್ಲಿ ಒಂದು ಮಗುವಿನ ತೂಕ ತುಂಬಬೇಕೆಂದರೆ ಚಕ್ರ ತಿರುಗುತ್ತಲೇ ಇರುತ್ತದೆ. ತುಂಬದಿದ್ದರೆ ಮೇಲಿನವರು ಬೈಯುತ್ತಾರೆ, ತುಂಬಿದ ಮೇಲೆ ಕಾಗದದಲ್ಲೂ ಬರೆದು ಕೊಡಿ ಎನ್ನುತ್ತಾರೆ. ಪೋಲಿಯೊ ಹನಿಗೆ ಕರೆದರೆ ತಾಯಂದಿರು ಒಲೆಯ ಮೇಲೆ ಹಾಲಿದೆ ಎನ್ನುತ್ತಾರೆ. "ಈ ಊರಾಗ ಯಾವ ಕೆಲಸನೂ ಒಂದ್ಸಲ ಹೇಳಿದ್ರ ಆಗೂದಿಲ್ಲ," ಎಂದು ಅವಳು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾಳೆ. ಅವಳ ಗಂಡ ಅಸದ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಅಂಗಳವೊಂದರಲ್ಲಿ ಮೇಸ್ತ್ರಿ. ಇಡೀ ದಿನ ಯಂತ್ರದ ಸದ್ದಿನಲ್ಲಿದ್ದು ಅವನಿಗೆ ಕಿವಿ ಸ್ವಲ್ಪ ಮಂದ. ಸಂಸಾರ ಚೆನ್ನಾಗಿ ನಡೆದಿರುವುದಕ್ಕೆ ಅದೂ ಒಂದು ಕಾರಣ ಎಂದು ಓಣಿಯವರು ನಗುತ್ತಾರೆ.

2021ರ ಮಳೆಗಾಲದಲ್ಲಿ ಆ ವಾರ್ಡಿಗೆ ಹೊಸದೊಂದು ಸಂಸಾರ ಬಂತು. ಪ್ರಾಣೇಶ ಗಣಿತದ ಮಾಸ್ತರ. ಚಿತ್ತಾಪುರದ ಶಾಲೆಯಿಂದ ಇಲ್ಲಿಯ ಶಾಲೆಗೆ ಬಂದವನು. ಜೊತೆಗೆ ಹೆಂಡತಿ ವೃಂದಾ, ತಾಯಿ ರುಕ್ಮಿಣಿಬಾಯಿ, ಮತ್ತು ಏಳು ವರ್ಷದ ಒಬ್ಬಳೇ ಮಗಳು ಪ್ರಮಿತಾ. ಸರ್ವೆಗೆಂದು ಹೋದ ಕಮರುನ್ನೀಸಾ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯನ್ನು ಕಂಡು ಪುಸ್ತಕ ಮುಚ್ಚಿದಳು. ಕಣ್ಣು ಹಳದಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ.

"ಥಲಸೇಮಿಯಾ ಅಂತಾರ್ರಿ ಇದಕ್ಕ," ಎಂದಳು ವೃಂದಾ. ಎಷ್ಟೋ ಮಂದಿಗೆ ಹೇಳಿ ಹೇಳಿ ಸವೆದ ದನಿ ಅದು. "ಮೈಯಾಗ ರಕ್ತ ಸರಿಯಾಗಿ ಹುಟ್ಟೂದಿಲ್ಲ. ಎಂಟು ತಿಂಗಳ ಕೂಸಿದ್ದಾಗ ಗೊತ್ತಾತು. ಮೂರು ವಾರಕ್ಕೊಮ್ಮೆ ಕಲಬುರಗಿಗೆ ಹೋಗಿ ಏರಿಸ್ಕೊಂಡು ಬರಬೇಕು."

ಏರಿಸಿದ ರಕ್ತದಿಂದ ಮೈಯಲ್ಲಿ ಕಬ್ಬಿಣ ಕೂಡುತ್ತದೆ. ಅದನ್ನು ಇಳಿಸಲು ದಿನವೂ ನೀರಿನಲ್ಲಿ ಕದಡಿ ಕುಡಿಯುವ ಗುಳಿಗೆ ಬೇರೆ. ಇಷ್ಟೆಲ್ಲ ಮಾಡಿದರೂ ರಕ್ತನಿಧಿಯಲ್ಲಿ ದಾಸ್ತಾನು ಇರಬೇಕಲ್ಲ. ಇಲ್ಲದ ದಿನ, ಯಾರನ್ನಾದರೂ ಕೊಡುವವರನ್ನು ಕರೆದುಕೊಂಡು ಬನ್ನಿ ಎನ್ನುತ್ತಾರೆ. ಚಿತ್ತಾಪುರದಲ್ಲಿ ನೆಂಟರಿಷ್ಟರು ಇದ್ದರು. ಇಲ್ಲಿ ಪ್ರಾಣೇಶನಿಗೆ ಯಾರ ಗುರುತೂ ಇಲ್ಲ. ಇದ್ದರೂ ಕೇಳಲು ಅವನಿಗೆ ನಾಚಿಕೆ. ಬೀಜಗಣಿತವನ್ನು ಕರಿಹಲಗೆಯ ಮೇಲೆ ನೀರು ಕುಡಿದಂತೆ ಬಿಡಿಸುವ ಮನುಷ್ಯ, ಇನ್ನೊಬ್ಬರ ಬಾಗಿಲಲ್ಲಿ ನಿಂತು ಬಾಯಿ ತೆರೆಯಲಾರ.

"ಈ ಒಂದ್ಸಲ ನಾ ನೋಡ್ತೀನಿ," ಎಂದಳು ಕಮರುನ್ನೀಸಾ. ಆ ಒಂದು ಸಲ ಇನ್ನೂ ಮುಗಿದಿಲ್ಲ.

ಮೊದಲನೆಯ ಸಲ ಮೂವರು ಬರುತ್ತೇವೆಂದು ಒಪ್ಪಿದ್ದರು. ಬೆಳಗಿನ ರೈಲಿಗೆ ಪ್ಲಾಟ್‌ಫಾರಮಿನಲ್ಲಿ ನಿಂತರೆ ಒಬ್ಬನೂ ಇಲ್ಲ. ಒಬ್ಬನ ಫೋನು ಬಂದ್. ಇನ್ನೊಬ್ಬನ ಹೆಂಡತಿ ಎತ್ತಿ, ರಕ್ತ ಕೊಟ್ಟರೆ ಗಂಡಸಿನ ಕಸುವು ಹೋಗುತ್ತದಂತೆ, ನಮ್ಮವರನ್ನು ಕರೆಯಬೇಡಿ ಎಂದಳು. ಮೂರನೆಯವನು ತಾನು ಆಗಲೇ ರೈಲಿನಲ್ಲಿದ್ದೇನೆ ಎಂದ. ರೈಲು ಇನ್ನೂ ಹಿಂದಿನ ಸ್ಟೇಷನ್ ವಾಡಿ ಬಿಟ್ಟಿರಲಿಲ್ಲ. ಕಮರುನ್ನೀಸಾ ಫೋನನ್ನು ಚೀಲಕ್ಕೆ ಎಸೆದು, ಈ ಊರಿನ ಗಂಡಸರ ಬಗ್ಗೆ ತನಗಿದ್ದ ಅಭಿಪ್ರಾಯವನ್ನು ಪ್ಲಾಟ್‌ಫಾರಮಿಗೆಲ್ಲ ಕೇಳುವಂತೆ ಹೇಳಿದಳು. ಬೆಂಚಿನ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದ ಪ್ರಮಿತಾ ತಲೆ ಎತ್ತಿದಳು.

"ಬರ್ತಾರ ಆಪಾ," ಎಂದಳು. "ನಾ ಕೃಷ್ಣಗ ಹೇಳೀನಿ. ಕಳಸ್ತಾನ."

"ಕಳಸ್ತಾನ, ಕಳಸ್ತಾನ. ಸುಮ್ಮ ತಿನ್ನು."

ರೈಲು ಬಂದು ನಿಂತಾಗ ಅಸದ ಮೆಟ್ಟಿಲ ಮೇಲಿಂದ ಒಬ್ಬನನ್ನು ಎಳೆದುಕೊಂಡು ಬಂದ. ಅವನು ಅಂಬರಾಯ, ಅಸದನ ಅಂಗಳದಲ್ಲಿ ಪಾಲಿಶ್ ಯಂತ್ರ ನಡೆಸುವವನು. ಮೈತುಂಬ ಬಿಳಿ ಕಲ್ಲಿನ ಪುಡಿ, ಮುಖದಲ್ಲಿ ತಾನು ಯಾಕೆ ಬಂದೆ ಎಂಬ ಪ್ರಶ್ನೆ. ಪ್ರಮಿತಾ ಆಪಾಳ ಮುಖ ನೋಡಿದಳು, ಏನೂ ಹೇಳಲಿಲ್ಲ. ಅದೇ ಕಮರುನ್ನೀಸಾಗೆ ಹೆಚ್ಚು ಉರಿಯಿತು. ಇವನು ಬಂದದ್ದು ತನ್ನ ಗಂಡ ಅಂಗಿಯ ಕೊರಳಪಟ್ಟಿ ಹಿಡಿದದ್ದರಿಂದ ಎಂದು ಈ ಹುಡುಗಿಗೆ ಹೇಗೆ ತಿಳಿಸುವುದು?

ಸಂಜೆ ವಾಪಸು ಬರುವಾಗ ಪ್ರಮಿತಾಳ ತುಟಿಗೆ ಬಣ್ಣ ಬಂದಿತ್ತು. ಕಿಟಕಿಯ ಜಾಗಕ್ಕೆ ಅಪ್ಪನೊಡನೆ ಜಗಳವಾಡಿ ಗೆದ್ದಿದ್ದಳು. ಎದುರಿಗೆ ಕೂತಿದ್ದ ಅಂಬರಾಯನನ್ನು ಕೇಳಿದಳು.

"ನಿಮ್ಮ ಪೂರ್ತಿ ಹೆಸರೇನ್ರಿ ಕಾಕಾ?"

"ಅಂಬರಾಯ ಅಂತಾರವ್ವ. ಯಾಕ?"

"ಸಂಜಿ ದೀಪ ಹಚ್ಚಿದ ಮ್ಯಾಲೆ ಹೇಳ್ತೀನಿ. ನನಗ ರಕ್ತ ಕೊಟ್ಟವರ ಹೆಸರು ದಿನಾ ಹೇಳ್ತೀನಿ ಕೃಷ್ಣಗ."

ಕಮರುನ್ನೀಸಾಗೆ ತಪ್ಪು ಮಾಹಿತಿ ಸಹಿಸಲಾಗದು. ಕೆಲಸದ ಅಭ್ಯಾಸ. "ನಿನಗ ಏರಿಸಿದ್ದು ಇವನ ರಕ್ತ ಅಲ್ಲವ್ವ. ಇವನ್ದು ತಪಾಸಣಿ ಆಗಿ ಫ್ರಿಜ್ಜಿಗೆ ಹೋಗ್ತದ. ನಿನಗ ಬಂದದ್ದು ಇನ್ಯಾರದೋ."

"ಆ ಇನ್ಯಾರದೋ ಹೆಸರೇನು?"

"ಅದು ಹೇಳೂದಿಲ್ಲ ಅವರು. ಕಾಯದೆ ಅದ."

"ಹಂಗಾದ್ರ ಇವರ ಹೆಸರೇ ಹೇಳ್ತೀನಿ. ಕೃಷ್ಣಗ ಗೊತ್ತಿರ್ತದ, ಯಾರ್ದು ಯಾರಿಗೆ ಹೋತು ಅಂತ."

ಅಂಬರಾಯ ನಕ್ಕ. ಆದರೆ ಎರಡು ದಿನ ಬಿಟ್ಟು ಕಮರುನ್ನೀಸಾಳ ಮನೆಯ ಮುಂದೆ ಬಂದು ನಿಂತ. ಅವನು ಕುಡಿಯುವ ಮನುಷ್ಯ. ಅವನ ಹೆಸರನ್ನು ಅಂಗಳದಲ್ಲಾಗಲಿ ಮನೆಯಲ್ಲಾಗಲಿ ಬೈಗುಳವಿಲ್ಲದೆ ಯಾರೂ ಕರೆದದ್ದಿಲ್ಲ.

"ಆಪಾ, ಆ ಹುಡುಗಿ ಖರೇನೇ ದಿನಾ ನನ್ನ ಹೆಸರು ಹೇಳ್ತಾಳೇನ್ರಿ?"

"ನನಗೇನ ಗೊತ್ತೋ. ಹೋಗಿ ಕೇಳು."

ಕೇಳಲು ಅವನಿಗೆ ಧೈರ್ಯವಿಲ್ಲ. ಸಂಜೆ ಆ ಮನೆಯ ಮುಂದಿನ ರಸ್ತೆಯಲ್ಲಿ ಎರಡು ಸಲ ಹಾದುಹೋದನಂತೆ. ಎರಡನೆಯ ಸಲಕ್ಕೆ ಒಳಗಿನಿಂದ ತನ್ನ ಹೆಸರು ಕೇಳಿಸಿತಂತೆ. ಮರುದಿನ ಅಂಗಳದಲ್ಲಿ ಯಂತ್ರ ನಿಲ್ಲಿಸಿ ಅದನ್ನು ಎಲ್ಲರಿಗೂ ಹೇಳಿದ. ಅವನು ಕುಡಿಯುವುದನ್ನು ಪೂರ್ತಿ ಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಕೊಡುವ ದಿನಕ್ಕೆ ಮುಂಚೆ ಒಂದು ವಾರ ಮುಟ್ಟುತ್ತಿರಲಿಲ್ಲ. ಬರಬರುತ್ತ ಆ ವಾರ ಹಿಗ್ಗಿ ಹದಿನೈದು ದಿನವಾಯಿತು.

ಅಂಗಳದ ಇನ್ನೂ ಆರು ಮಂದಿ ತಾವಾಗಿ ಬಂದರು. ಅಲ್ಲಿಗೆ ತನ್ನ ಕೆಲಸ ಹಗುರವಾದೀತು ಎಂದುಕೊಂಡಿದ್ದಳು ಕಮರುನ್ನೀಸಾ. ಆಗಲಿಲ್ಲ. ಊರಲ್ಲಿ ಸುದ್ದಿ ಹರಡಿ, ರಕ್ತ ಕೊಡದವರೂ ಹೆಸರು ಹೇಳಿಸಲು ಬರತೊಡಗಿದರು. ಒಬ್ಬನಿಗೆ ವರ್ಗಾವಣೆ ಆಗಬೇಕಿತ್ತು, ಒಬ್ಬಳಿಗೆ ಮಗನ ಪರೀಕ್ಷೆ, ಇನ್ನೊಬ್ಬನಿಗೆ ಕೋರ್ಟಿನ ತಾರೀಖು. ಮಾಸ್ತರನ ಮನೆಯ ಕಟ್ಟೆಯ ಮೇಲೆ ತೆಂಗಿನಕಾಯಿ ಹಿಡಿದು ಕೂತವರನ್ನು ಕಂಡು ಕಮರುನ್ನೀಸಾ ಸೀರೆಯ ಸೆರಗು ಸಿಕ್ಕಿಸಿಕೊಂಡಳು.

"ಕೂಸಿಗೆ ಜಡ್ಡು ಅದ. ಅದು ದೇವಸ್ಥಾನ ಅಲ್ಲ. ಹೆಸರು ಹೇಳಸ್ಬೇಕಂದ್ರ ಮಂಗಳವಾರ ಮುಂಜಾನಿ ಸ್ಟೇಷನ್ನಿಗೆ ಬರ್ರಿ, ತೋಳು ಕೊಡ್ರಿ. ಕಾಯಿ ಮನಿಗೆ ಒಯ್ದು ಚಟ್ನಿ ಮಾಡ್ರಿ."

ಹತ್ತರಲ್ಲಿ ಒಂಬತ್ತು ಮಂದಿ ಎದ್ದು ಹೋದರು. ಉಳಿದ ಒಬ್ಬನನ್ನು ಅವಳು ಬಿಡಲಿಲ್ಲ.

ಒಂದು ಸಂಜೆ ಗುಳಿಗೆಯ ಚೀಟಿ ಕೊಡಲು ಹೋದಾಗ ದೀಪದ ಹೊತ್ತಾಗಿತ್ತು. ಪ್ರಮಿತಾ ದೇವರ ಮುಂದೆ ಚಕ್ಕಳಮಕ್ಕಳ ಹಾಕಿ, ಶ್ಲೋಕ ಮುಗಿಸಿ, ಹೆಸರುಗಳಿಗೆ ಬಂದಿದ್ದಳು. ಅಂಬರಾಯ, ನಬೀಸಾಬ್, ಇನ್ನೊಬ್ಬ, ಮತ್ತೊಬ್ಬ. ಕಮರುನ್ನೀಸಾ ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಏನೂ ಅನ್ನಿಸದವಳಂತೆ ಕೇಳಿದಳು.

"ನನ್ನ ಹೆಸರು ಇಲ್ಲಲ್ಲ?"

"ನೀವು ಕೊಟ್ಟಿಲ್ಲಲ್ಲ ಆಪಾ."

ಓಡಾಡಿದ್ದು ತಾನು, ಬೈಸಿಕೊಂಡದ್ದು ತಾನು, ರೈಲಿನಲ್ಲಿ ನಿಂತು ಹೋದದ್ದು ತಾನು. ಆ ಸಿಟ್ಟಿಗೆ ಮುಂದಿನ ಸಲ ತಾನೇ ಮಂಚದ ಮೇಲೆ ಮಲಗಿ ತೋಳು ಚಾಚಿದಳು. ಹಿಮೋಗ್ಲೋಬಿನ್ ಹನ್ನೆರಡೂವರೆ ಬೇಕು. ಅವಳದು ಹನ್ನೆರಡೂ ಮುಕ್ಕಾಲು ಇತ್ತು. ಇಷ್ಟು ವರ್ಷ ಊರಿಗೆಲ್ಲ ಕಬ್ಬಿಣದ ಗುಳಿಗೆ ಹಂಚಿದವಳು, ತನ್ನ ಪಾಲಿನದನ್ನು ಅಂದಿನಿಂದ ತಪ್ಪದೆ ನುಂಗತೊಡಗಿದಳು.

ಅಜ್ಜಿ ರುಕ್ಮಿಣಿಬಾಯಿಯ ಮಾತು ಬೇರೆ. ಅವರು ಕೆಟ್ಟವರಲ್ಲ. ಮೊಮ್ಮಗಳ ಸಲುವಾಗಿ ಎಂಟು ವರ್ಷದಿಂದ ಶನಿವಾರ ಒಂದೇ ಹೊತ್ತು ಉಂಡವರು. 2023ರ ಶ್ರಾವಣದಲ್ಲಿ ಒಂದು ದಿನ ಕಮರುನ್ನೀಸಾಳನ್ನು ಕಟ್ಟೆಯ ಮೇಲೆ ಕೂಡಿಸಿ, ದನಿ ತಗ್ಗಿಸಿ ಕೇಳಿದರು.

"ತಪ್ಪ ತಿಳೀಬ್ಯಾಡ ನೀ. ಬರೇ ಕಾಯಿಪಲ್ಯ ಉಣ್ಣೋ ಮಂದಿ ರಕ್ತ ಅಂತ ಕೇಳಿ ತಗೊಳ್ಳಿಕ್ಕೆ ಬರ್ತದೇನು ಅಲ್ಲಿ?"

ಕಮರುನ್ನೀಸಾ ಅವರ ಮುಖ ನೋಡಿದಳು. ಆ ತಿಂಗಳು ಒಬ್ಬ ಕೊಡುವವನಿಗಾಗಿ ಅವಳು ಇಪ್ಪತ್ತು ಫೋನು ಮಾಡಿದ್ದಳು. "ಬಾಯಾರ, ರಕ್ತ ಅನ್ನೂದೇ ಸಿಗವಲ್ದು. ನೀವು ಸೋಸಿ ಆರಿಸಿ ಕೊಡು ಅಂತೀರಿ," ಎಂದು ಎದ್ದು ಹೋದಳು. ಮನೆಗೆ ಬಂದು ಅಸದನಿಗೆ ಹೇಳಿದರೆ ಅವನಿಗೆ ಅರ್ಧ ಕೇಳಿಸಿತು. ಮತ್ತೊಮ್ಮೆ ಹೇಳುವಷ್ಟು ತ್ರಾಣ ಅವಳಿಗೂ ಇರಲಿಲ್ಲ.

ಮುಂದಿನ ತಾರೀಖಿಗೆ ಇಬ್ಬರನ್ನು ಹೊಂದಿಸಿಕೊಂಡು ಹೋದರೆ ಮಾಸ್ತರನ ಮನೆಗೆ ಬೀಗ. ಫೋನು ಮಾಡಿದಳು. "ಈ ಸಲ ಬ್ಯಾಡ್ರಿ ಆಪಾ. ಸೇಡಂದಾಗ ಇದ್ದೀವಿ, ಸೋದರಮಾವನ ಮನ್ಯಾಗ. ನಾನೇ ಹೇಳ್ತೀನಿ," ಎಂದ ಪ್ರಾಣೇಶ. ಒಂದು ವಾರವಾಯಿತು, ಎರಡಾಯಿತು. ಒಂದು ಬೆಳಿಗ್ಗೆ ವೃಂದಾಳೇ ಫೋನು ಮಾಡಿದಳು. ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳೆಂದು ಕಾಣುತ್ತದೆ. ಹಿಂದೆ ಕೊಡ ತುಂಬುವ ಸದ್ದು.

"ನಲವತ್ತೆಂಟು ದಿನದ ದೇವರ ಸೇವಾ ಹಿಡಿದಾರ್ರಿ. ಅದು ಮುಗಿಯೂತನಾ ಮಂದಿ ರಕ್ತ ಮೈಯಾಗ ಹೋಗಬಾರದಂತ, ಇವರ ಸೋದರಮಾವ ಹೇಳ್ಯಾರ. ಆಕಿಗೆ ಎರಡು ಮೆಟ್ಟಲಾ ಏರಲಿಕ್ಕೆ ಆಗವಲ್ದು ಆಪಾ."

ಕಮರುನ್ನೀಸಾ ಸಿಕ್ಕ ಬಸ್ಸು ಹತ್ತಿದಳು. ಬಸ್ಸು ಚಿತ್ತಾಪುರದಲ್ಲಿ ಅರ್ಧ ತಾಸು ನಿಂತಿತು. ಡ್ರೈವರು ಚಹಾ ಕುಡಿದ, ಕಂಡಕ್ಟರು ಎಲೆ ಹಾಕಿಕೊಂಡ, ಒಬ್ಬ ಮುದುಕ ಇಳಿಯಲೋ ಬೇಡವೋ ಎಂದು ಯೋಚಿಸಿದ. ಸೇಡಂ ಮುಟ್ಟುವ ಹೊತ್ತಿಗೆ ಅವಳು ಹೇಳಬೇಕೆಂದುಕೊಂಡಿದ್ದ ಮಾತುಗಳೆಲ್ಲ ಸಿಟ್ಟಿನಲ್ಲಿ ಕಲಸಿಹೋಗಿದ್ದವು.

ಮಾವನ ಮನೆಯ ಪಡಸಾಲೆಯಲ್ಲಿ ಹೆಂಗಸರು ಕೂತು ತುಳಸಿ ದಳ ಬಿಡಿಸುತ್ತಿದ್ದರು. ಮೂಲೆಯ ಚಾಪೆಯ ಮೇಲೆ ಪ್ರಮಿತಾ. ಕಮರುನ್ನೀಸಾ ಹೊಸ್ತಿಲ ಹೊರಗೆ ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಹುಡುಗಿ ತಾನೇ ಗೋಡೆ ಹಿಡಿದು ಎದ್ದು, ನಾಲ್ಕು ಹೆಜ್ಜೆ ನಡೆದು, ಹೊಸ್ತಿಲ ಬಳಿ ಕುಸಿದು ಕೂತಳು. ಅಷ್ಟಕ್ಕೇ ಏದುಸಿರು. ಕಮರುನ್ನೀಸಾ ಅವಳ ಬೆರಳು ಹಿಡಿದು ಉಗುರು ಒತ್ತಿದಳು. ಸುಣ್ಣದ ಬಿಳಿ.

"ಸರ್, ನೀವು ಮಕ್ಕಳಿಗೆ ಗಣಿತ ಹೇಳ್ತೀರಿ," ಎಂದಳು ಪ್ರಾಣೇಶನಿಗೆ. "ಮೂರು ವಾರಕ್ಕ ಏರಿಸ್ಬೇಕಾದದ್ದು ಐದು ವಾರ ದಾಟ್ಯದ. ಎಷ್ಟು ಉಳದದ ಆಕಿ ಮೈಯಾಗ, ನೀವೇ ಹೇಳ್ರಿ."

ರುಕ್ಮಿಣಿಬಾಯಿ ತುಳಸಿಯಿಂದ ಕೈ ತೆಗೆಯದೆ ಹೇಳಿದರು. "ಇನ್ನ ಹನ್ನೊಂದು ದಿನ ಅದಾವ. ಇಷ್ಟು ದಿನ ಕಾಯ್ದಾನ, ಹನ್ನೊಂದು ದಿನ ಕಾಯೂದಿಲ್ಲೇನು ಅವ? ನಂಬಿಗಿ ಬೇಕು."

ಬಾಯಿ ತೆರೆದರೆ ಇವರ ಮನೆಯಲ್ಲಿ ನಿಂತು ಅನ್ನಬಾರದ್ದನ್ನು ಅಂದುಬಿಡುತ್ತೇನೆ ಎಂದು ಕಮರುನ್ನೀಸಾ ತುಟಿ ಕಚ್ಚಿಕೊಂಡಳು. ಮಾತಾಡಿದ್ದು ಪ್ರಮಿತಾ. ಎರಡೆರಡು ಶಬ್ದಕ್ಕೆ ಉಸಿರು ತೆಗೆದುಕೊಳ್ಳುತ್ತ.

"ಅಪ್ಪಾ, ನಾ ಕೃಷ್ಣಗ ದಿನಾ ಏನು ಕೇಳ್ತೀನಿ ಗೊತ್ತದೇನು ನಿನಗ? ರಕ್ತ ಸಿಗಲಿ ಅಂತ ಕೇಳ್ತೀನಿ. ಅವ ಕಳಸ್ಯಾನ. ಪ್ರತಿ ಸಲ ಕಳಸ್ಯಾನ. ಕಳಿಸಿದ್ದನ್ನ ನಾವು ಒಲ್ಲೆ ಅಂದ್ರ ಅವಗ ಸಿಟ್ಟು ಬರೂದಿಲ್ಲೇನು?"

"ಮತ್ತ ಆಯಿ," ಎಂದು ಅಜ್ಜಿಯ ಕಡೆ ತಿರುಗಿದಳು, "ಅವರು ಏನರೆ ಉಣ್ಣಲಿ. ನನ್ನೊಳಗ ಬಂದ ಮ್ಯಾಲೆ ಆ ರಕ್ತನೂ ನೀ ಮಾಡಿದ ಸಾರು ಅನ್ನನೇ ಉಣ್ತದಲ್ಲ."

ಪ್ರಾಣೇಶ ಗೂಟದಿಂದ ಅಂಗಿ ತೆಗೆದುಕೊಂಡ. ಮಾವ ಏನೋ ಹೇಳಲು ಬಂದ. ಅವನತ್ತ ನೋಡಲೂ ಇಲ್ಲ. ಮಗಳನ್ನು ಎತ್ತಿಕೊಂಡು ಹೊಸ್ತಿಲು ದಾಟಿದ. ಬಾಡಿಗೆ ಜೀಪು ಹೊರಡುವಾಗ ರುಕ್ಮಿಣಿಬಾಯಿ ಮಡಿಸೀರೆಯಲ್ಲೇ ಬಂದು ಹಿಂದಿನ ಸೀಟಿನಲ್ಲಿ ಕಮರುನ್ನೀಸಾಳ ಪಕ್ಕಕ್ಕೆ ಕೂತರು.

ಕಲಬುರಗಿ ಮುಟ್ಟುವ ಹೊತ್ತಿಗೆ ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ಹೃದಯಕ್ಕೆ ಭಾರವಾಗದಂತೆ ಎರಡು ದಿನ ನಿಧಾನವಾಗಿ ಏರಿಸಬೇಕಾಯಿತು. ಡಾಕ್ಟರು ಮನೆಯವರನ್ನು ಬೈದು, ಆಮೇಲೆ ಕಮರುನ್ನೀಸಾಳ ಗುಲಾಬಿ ಸೀರೆ ನೋಡಿ, "ನೀವು ಆಶಾ ಆಗಿ ಏನು ಮಾಡ್ತಿದ್ರಿ?" ಎಂದು ಅವಳನ್ನೂ ಬೈದರು. ಅವಳು ಸುಮ್ಮನೆ ನಿಂತು ಕೇಳಿಕೊಂಡಳು. ವಿವರಿಸಲು ಹೋದರೆ ಸೇಡಂ ಬಸ್ಸಿನಿಂದ ಶುರು ಮಾಡಬೇಕಾಗುತ್ತಿತ್ತು.

ರುಕ್ಮಿಣಿಬಾಯಿ ಆ ಎರಡು ದಿನ ಮೊಮ್ಮಗಳ ಮಂಚದ ಬದಿಯ ಸ್ಟೂಲು ಬಿಟ್ಟು ಏಳಲಿಲ್ಲ. ಮೇಲೆ ತೂಗುತ್ತಿದ್ದ ಚೀಲದ ಚೀಟಿಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. ಇಂಗ್ಲಿಷ್ ಅಕ್ಷರ. ನರ್ಸಮ್ಮನನ್ನು ಕೇಳಿದರು. "ಇದರ ಮ್ಯಾಲೆ ಏನೇನು ಬರ್ದಾರವ್ವ?"

"ಗ್ರೂಪು ಅದರಿ, ನಂಬರು ಅದ, ತಾರೀಖು ಅದ."

"ಮತ್ತೇನೂ ಇಲ್ಲ?"

"ಮತ್ತೇನು ಬೇಕ್ರಿ?"

ಮೂರನೆಯ ದಿನ ಅವರು ಯಾರಿಗೂ ಹೇಳದೆ ಕೆಳಗಿನ ರಕ್ತನಿಧಿಗೆ ಹೋಗಿ, ನನ್ನದೂ ತೆಗೆದುಕೊಳ್ಳಿ ಎಂದು ಕೂತರು. ವಯಸ್ಸು ಅರವತ್ತಮೂರು, ಮೊದಲ ಸಲದವರಿಗೆ ಅಷ್ಟು ವಯಸ್ಸಾದರೆ ಆಗುವುದಿಲ್ಲ ಎಂದರು. ಆದರೂ ಬೆರಳು ಚುಚ್ಚಿ ನೋಡಿ ಎಂದು ಹಟ ಹಿಡಿದರು. ಒಂಬತ್ತು. "ಅಜ್ಜಿ, ನಿಮಗೇ ರಕ್ತ ಕಡಿಮಿ ಅದ," ಎಂದು ಅಲ್ಲಿಯ ಹುಡುಗಿ ನಕ್ಕು ಕಳಿಸಿದಳು. ಕಮರುನ್ನೀಸಾಗೆ ಗೊತ್ತಾದಾಗ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡು ವರ್ಷದಿಂದ ಆ ಮನೆಗೆ ಬಂದುಹೋಗುತ್ತಿದ್ದಾಳೆ, ಅಜ್ಜಿಯ ರೆಪ್ಪೆ ಎಳೆದು ನೋಡಿರಲಿಲ್ಲ.

ಅಂದಿನಿಂದ ರಕ್ತ ಕೊಡಲು ಹೊರಟವರ ಜೊತೆ ರುಕ್ಮಿಣಿಬಾಯಿಯ ಸ್ಟೀಲ್ ಡಬ್ಬಿ ತುಂಬ ಶಿರಾ ಹೋಗತೊಡಗಿತು. ಕೊಟ್ಟಾದ ಮೇಲೆ ಸಿಹಿ ತಿನ್ನಬೇಕು ಎಂದು ಯಾರೋ ಹೇಳಿದ್ದರು. ಅಂಬರಾಯ ಏಲಕ್ಕಿ ಜಾಸ್ತಿ ಎಂದು ಗೊಣಗುತ್ತ ಎರಡು ಪಾಲು ತಿನ್ನುತ್ತಿದ್ದ. ಖಾಲಿ ಡಬ್ಬಿಗಳು ಯಾವಾಗಲೂ ಎಲ್ಲೋ ಉಳಿದುಬಿಡುತ್ತಿದ್ದವು, ಅವನ್ನು ಹುಡುಕಿ ತರುವ ಕೆಲಸವೂ ಆಪಾಗೇ ಬಂತು. ಅಜ್ಜಿಯ ಕಬ್ಬಿಣದ ಗುಳಿಗೆಯ ಕಾವಲು ಬೇರೆ. ಮಲಬದ್ಧತೆ ಆಗುತ್ತದೆ ಎನ್ನುತ್ತಿದ್ದರು, ಉಪವಾಸ ಎನ್ನುತ್ತಿದ್ದರು.

2025ರ ಮಾರ್ಚ್ ಬಂತು. ರಂಜಾನ್ ತಿಂಗಳು, ಮೇಲೆ ಬಿಸಿಲು. ಪಟ್ಟಿಯಲ್ಲಿದ್ದವರಲ್ಲಿ ಅರ್ಧ ಮಂದಿ ರೋಜಾ ಹಿಡಿದಿದ್ದರು, ಹಗಲು ರಕ್ತ ಕೊಡಲಾರರು. ಉಳಿದವರಲ್ಲಿ ಕೆಲವರು ಮದುವೆಗಳಿಗೆ ಹೋಗಿದ್ದರು, ಕೆಲವರು ಕೊಟ್ಟು ಮೂರು ತಿಂಗಳಾಗಿರಲಿಲ್ಲ. ಅಂಬರಾಯನೂ ಅವರಲ್ಲಿ ಒಬ್ಬ. ಕಮರುನ್ನೀಸಾ ತಾನೂ ಜನವರಿಯಲ್ಲಿ ಕೊಟ್ಟಿದ್ದಳು. ಎರಡು ದಿನದಲ್ಲಿ ಮೂವತ್ತೊಂದು ಫೋನು ಮಾಡಿದಳು. ಬಾಯಿ ಒಣಗಿ, ತಲೆ ಸಿಡಿಯುತ್ತ, ಮಧ್ಯಾಹ್ನದ ಬಿಸಿಲಿನಲ್ಲಿ ಮಾಸ್ತರನ ಮನೆಗೆ ಬಂದಳು. ಪ್ರಮಿತಾ ಗುಳಿಗೆಯ ನೀರನ್ನು ಮುಖ ಕಿವಿಚಿ ಕುಡಿಯುತ್ತಿದ್ದಳು. ಹನ್ನೊಂದು ವರ್ಷದವಳಾಗಿದ್ದಳು, ನೋಡಲು ಎಂಟರಂತೆ.

"ನಾಳಿಗೆ ಯಾರೂ ಇಲ್ಲ," ಎಂದಳು ಕಮರುನ್ನೀಸಾ.

"ಬರ್ತಾರ ಆಪಾ."

ನಾಲ್ಕು ವರ್ಷದಿಂದ ತಡೆದದ್ದು ಅಂದು ಒಡೆಯಿತು. "ಬರ್ತಾರ, ಬರ್ತಾರ. ಹೆಂಗ ಬರ್ತಾರ? ದೇವರು ಕಳಸ್ತಾನ ಅಂತ ನೀ ಹೇಳಿ ಕುಂದರ್ತಿ. ಫೋನ್ ಮಾಡಾಕಿ ಯಾರು? ನಾ. ಬೈಸ್ಕೊಳ್ಳಾಕಿ ಯಾರು? ನಾ. ನಿಮ್ಮ ಕೃಷ್ಣ ಒಂದು ದಿನಾನರ ಅಂಬರಾಯನ ಮನಿ ಬಾಗಿಲಾ ಬಡದಾನೇನು? ನನಗ ಸಾಕಾಗ್ಯದ. ಈ ಸಲ ಅವನೇ ಮಾಡ್ಲಿ."

ಒಳಗಿನಿಂದ ವೃಂದಾ ಬಂದು ನಿಂತಳು. ಪ್ರಮಿತಾ ಲೋಟ ಕೆಳಗಿಟ್ಟು, ತುಟಿ ಒರೆಸಿಕೊಂಡಳು. ಹೆದರಲಿಲ್ಲ, ಅಳಲೂ ಇಲ್ಲ.

"ನಿಮ್ಮನ್ನ ನೋಡೇ ಹೇಳ್ತೀನಿ ಆಪಾ."

"ಏನು?"

"ಪ್ರತಿ ಸಲ ಸಿಟ್ಟಾಗ್ತೀರಿ. ಇದೇ ಕಡೀ ಸಲ ಅಂತೀರಿ. ಮತ್ತ ಬರ್ತೀರಿ. ಕೃಷ್ಣನ್ನ ನಾ ಕಂಡಿಲ್ಲ. ನಿಮ್ಮನ್ನ ಕಂಡೀನಿ. ಇಷ್ಟು ಸಿಟ್ಟಿನ್ಯಾಗೂ ನೀವು ಬರ್ತೀರಂದ್ರ, ಅವ ಕಳಿಸೇ ಕಳಸ್ತಾನ ಅಂತ ನನಗ ಖಾತ್ರಿ ಆಗ್ತದ."

ಕಮರುನ್ನೀಸಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಒಬ್ಬರ ನಂಬಿಕೆಗೆ ತಾನೇ ಸಾಕ್ಷಿ ಎಂದು ಗೊತ್ತಾದ ಮೇಲೆ ರಜೆ ಹಾಕಲಿಕ್ಕೂ ಬರುವುದಿಲ್ಲ. ಅವಳಿಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಇಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡವಳಂತೆ ಕೂತಿದ್ದಳು. ಆಮೇಲೆ ಮೂವತ್ತೆರಡನೆಯ ಫೋನು ಮಾಡಿದಳು. ಕೊಡಲಾರದ ಅಂಬರಾಯನಿಗೇ ಮಾಡಿದಳು.

"ನಿಂದು ಬ್ಯಾಡೋ. ನಿನಗ ಗುರುತಿನವರು ಯಾರದಾರ, ಅವರನ್ನ ಹಿಡ್ಕೊಂಡು ಬಾ."

ಅಂಬರಾಯನ ಹೆಂಡತಿಯ ತವರು ವಾಡಿ. ಅಲ್ಲಿಯ ಸಿಮೆಂಟಿನ ಕೆಲಸಗಾರರ ಓಣಿಗೆ ಹೋಗಿ, ಮರುದಿನ ಬೆಳಿಗ್ಗೆ ಟಂಟಂ ಆಟೋದಲ್ಲಿ ನಾಲ್ವರನ್ನು ತುಂಬಿಕೊಂಡು ಕಲಬುರಗಿಯ ರಕ್ತನಿಧಿಗೆ ಬಂದ. ನಾಲ್ವರಲ್ಲಿ ಒಬ್ಬ ಹಿಂದಿನ ತಿಂಗಳು ತೋಳಿಗೆ ಹಚ್ಚೆ ಹಾಕಿಸಿಕೊಂಡಿದ್ದ, ಆಗುವುದಿಲ್ಲ ಎಂದರು. ಒಬ್ಬ ಜ್ವರದ ಗುಳಿಗೆ ನುಂಗಿ ಬಂದಿದ್ದ, ಅವನೂ ಆಗಲಿಲ್ಲ. ಒಬ್ಬ ಕೊಟ್ಟು, ಎದ್ದು ನಿಂತು, ಸೀದಾ ಕೆಳಗೆ ಬಿದ್ದ. ಅವನ ಮುಖಕ್ಕೆ ನೀರು ಹೊಡೆಯುತ್ತ ಕಮರುನ್ನೀಸಾ ಬೆಳಿಗ್ಗೆ ಏನೂ ತಿನ್ನದೆ ಬಂದದ್ದಕ್ಕೆ ಅವನನ್ನು ಬೈದಳು. ನಾಲ್ಕನೆಯವನು ಸಂಗಮೇಶ್ವರ, ಇಪ್ಪತ್ತಾರರ ಲೋಡಿಂಗ್ ಕೆಲಸಗಾರ. ಕೊಟ್ಟು, ಶಿರಾ ತಿಂದು, ಕೈ ತೊಳೆದು ಬಂದು ಕೇಳಿದ.

"ನನ್ನ ಹೆಸರು ಇವತ್ತಿಂದ ಸೇರ್ತದೋ, ನಾಳಿಯಿಂದೋ?"

ಆ ಸಂಜೆ ರೋಜಾ ಬಿಡುವಾಗ ಕಮರುನ್ನೀಸಾ ಖರ್ಜೂರ ಕೈಯಲ್ಲಿ ಹಿಡಿದು ಸ್ವಲ್ಪ ಹೆಚ್ಚು ಹೊತ್ತು ಕೂತಳು. ನಮಾಜನ್ನು ಅವಳು ಯಾವಾಗಲೂ ಅವಸರದಲ್ಲಿ ಮುಗಿಸುವವಳು. ದೇವರಲ್ಲಿ ದುವಾ ಕೇಳಿ ಎಷ್ಟು ವರ್ಷವಾಗಿತ್ತೋ. ಏನು ಕೇಳಿದೆ ಎಂದು ಅಸದ ಕೇಳಿದ.

"ಮಂದಿ ಒಂದೇ ರಿಂಗಿಗೆ ಫೋನ್ ಎತ್ತಲಿ ಅಂತ," ಎಂದಳು. ಅವನಿಗೆ ಕೇಳಿಸಿತು, ನಕ್ಕ.

ವಾಡಿಯ ಸಂಗಮೇಶ್ವರ ಮುಂದಿನ ಸಲ ಮೂವರನ್ನು ಕರೆತಂದ. ಅವರಿಂದ ಚಿತ್ತಾಪುರದ ಕೆಲವರು ಸಿಕ್ಕರು. ಸೇಡಂನಿಂದ ಪ್ರಾಣೇಶನ ಮಾವನ ಮಗ ಒಬ್ಬನೇ ಬಂದ. ಅಪ್ಪನಿಗೆ ಹೇಳಬೇಡಿ ಎಂದ. ಪ್ರಾಣೇಶ ಕೂಡ ಬದಲಾದ. ಶಾಲೆಯ ಪಾಲಕರ ಸಭೆಯಲ್ಲಿ ಎದ್ದು ನಿಂತು, ಕಾಗದ ನೋಡುತ್ತ, ರಕ್ತ ಕೊಡಿ ಎಂದು ಕೇಳಿದ. ಹನ್ನೆರಡು ಮಂದಿ ಕೈ ಎತ್ತಿದರು, ಐವರು ಬಂದರು. ಕಮರುನ್ನೀಸಾ ತನ್ನ ವಾರ್ಡಿನ ಬಸುರಿಯರಿಗೆಲ್ಲ ಈ ರೋಗದ ಅಂಶವಿದೆಯೇ ಎಂಬ ತಪಾಸಣೆ ಮಾಡಿಸಲು ಬೆನ್ನು ಹತ್ತಿದ್ದಾಳೆ. ಹೆಂಡತಿಗೆ ಇದೆ ಎಂದು ಬಂದರೆ ಗಂಡ ತಪಾಸಣೆಗೆ ಬರುವುದಿಲ್ಲ, ಅದೊಂದು ಹೊಸ ರಗಳೆ.

ಪ್ರಮಿತಾ ವಾಸಿಯಾಗಿಲ್ಲ. ಆಗುವುದಾದರೆ ಅಸ್ಥಿಮಜ್ಜೆ ಹೊಂದಬೇಕು, ಮನೆಯವರದ್ಯಾರದ್ದೂ ಹೊಂದಲಿಲ್ಲ. ಹೊರಗಿನವರ ಪಟ್ಟಿಯಲ್ಲಿ ಹುಡುಕುತ್ತಿದ್ದಾರೆ. ಆದರೆ ಸೇಡಂ ಆದ ಮೇಲೆ ಒಂದು ತಾರೀಖೂ ತಪ್ಪಿಲ್ಲ. ಅವಳೀಗ ಏಳನೆಯ ತರಗತಿ. ಚೌಕಾಬಾರದಲ್ಲಿ ಅಜ್ಜಿಗೆ ಮೋಸ ಮಾಡುತ್ತಾಳೆ.

ಕಳೆದ ಚಳಿಗಾಲದಲ್ಲಿ ಚಿಂಚೋಳಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಕಮರುನ್ನೀಸಾಗೆ ಫೋನು ಮಾಡಿದಳು. ಚಿಮ್ಮನಚೋಡದಲ್ಲಿ ಪ್ರೀತಿ ಎಂಬುವಳ ಹತ್ತು ತಿಂಗಳ ಕೂಸಿಗೆ ಇದೇ ರೋಗ ಎಂದು ಗೊತ್ತಾಗಿದೆ, ಮನೆಯವರು ದೃಷ್ಟಿ ತಾಗಿದೆ ಎಂದು ಆಸ್ಪತ್ರೆಗೆ ಒಯ್ಯುತ್ತಿಲ್ಲ ಎಂದಳು. ತನ್ನ ವಾರ್ಡಲ್ಲ, ತನ್ನ ತಾಲೂಕಲ್ಲ. ಕಮರುನ್ನೀಸಾ ಹತ್ತು ನಿಮಿಷ ಗೊಣಗಿ, ಭಾನುವಾರ ಪ್ರಮಿತಾಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಹೋದಳು.

ಪ್ರೀತಿಗೆ ಇಪ್ಪತ್ತೆರಡು ಇರಬಹುದು. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಕಮರುನ್ನೀಸಾ ಹೇಳಿದ ಯಾವ ಮಾತಿಗೂ ತಲೆ ಎತ್ತಲಿಲ್ಲ. ಆಮೇಲೆ ಪ್ರಮಿತಾಳನ್ನು ನೋಡಿ ಕೇಳಿದಳು.

"ಹನ್ನೊಂದು ವರ್ಷದಿಂದ ಚುಚ್ಚಿಸ್ಕೋತಿದ್ದೀ. ನಿನಗ ಹೆದರಿಕಿ ಆಗೂದಿಲ್ಲೇನು?"

"ಆಗ್ತದ. ಪ್ರತಿ ಸಲ ಆಗ್ತದ," ಎಂದಳು ಪ್ರಮಿತಾ. "ದೇವರ್ನ ನಂಬಿದ್ರ ಹೆದರಿಕಿ ಹೋಗ್ತದ ಅಂತಾರ. ನಂದೇನು ಹೋಗಿಲ್ಲ ಅಕ್ಕಾ. ಹೆದರಿಕಿ ಇಟ್ಕೊಂಡೇ ಹೋಗ್ತೀನಿ."

ಪ್ರೀತಿ ಸೆರಗು ಸರಿಸಿ ಕೂಸನ್ನು ಪ್ರಮಿತಾಳ ತೊಡೆಯ ಮೇಲೆ ಮಲಗಿಸಿದಳು. ಮಂಗಳವಾರ ಕಲಬುರಗಿಗೆ ಬರುತ್ತೇನೆ ಎಂದಳು.

ಹೊರಗೆ ಬರುವ ಹೊತ್ತಿಗೆ ಬಸ್ಸು ಹೋಗಿತ್ತು. ಮುಂದಿನದು ಇದೆಯೋ ಇಲ್ಲವೋ ಎಂಬುದಕ್ಕೆ ಕಟ್ಟೆಯ ಮೇಲೆ ಕೂತಿದ್ದ ಮೂವರು ಮೂರು ಉತ್ತರ ಕೊಟ್ಟರು. ಪ್ರೀತಿಯ ಗಂಡ ಟ್ರ್ಯಾಕ್ಟರ್ ತೆಗೆದು, ಚಿಂಚೋಳಿಯವರೆಗೆ ಬಿಡುತ್ತೇನೆ ಬನ್ನಿ ಎಂದ. ಕಮರುನ್ನೀಸಾ ಮಡ್‌ಗಾರ್ಡಿನ ಮೇಲೆ ಒಂದು ಕೈಯಲ್ಲಿ ಪ್ರಮಿತಾಳನ್ನು, ಇನ್ನೊಂದರಲ್ಲಿ ಚೀಲವನ್ನು ಹಿಡಿದು ಕೂತು, ಯಂತ್ರದ ಸದ್ದಿನ ಮೇಲೆ ಕೂಗಿ ಕೇಳಿದಳು.

"ನಿಂದು ಗ್ರೂಪ್ ಯಾವುದಪ್ಪಾ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ? ಕೂಸಿನ ಅಪ್ಪ ಆಗೀದಿ, ಗ್ರೂಪ್ ಗೊತ್ತಿಲ್ಲ. ಟ್ರ್ಯಾಕ್ಟರಿಗೆ ಯಾವ ಆಯಿಲ್ ಹಾಕ್ಬೇಕು ಅದು ಗೊತ್ತಿರ್ತದ. ಮಂಗಳವಾರ ಹತ್ತಕ್ಕ ಹೆಂಡ್ತಿ ಜೋಡಿ ನೀನೂ ಬರ್ಬೇಕು. ಹತ್ತು ಅಂದ್ರ ಹತ್ತು. ಹೊಟ್ಟಿ ತುಂಬ ಉಂಡು ಬಾ."

"ಆತ್ರಿ," ಎಂದ ಅವನು, ತಿರುವಿನಲ್ಲಿ ಗೇರು ಬದಲಿಸುತ್ತ.